ಎಡಗಣ್ಣನ್ನು ಅಳೆದ ಜಾರ್ಜ್ ಐರಿ



ನ್ಯೂಟನ್, ಎಡಿಸನ್, ಸರ್ ಸಿ. ವಿ. ರಾಮನ್ ಇವರೆಲ್ಲ ನಮ್ಮ ಗೋಡೆ ಪತ್ರಿಕೆಯಲ್ಲಿ ಎಷ್ಟೋ ಸಲ ಬಂದು ಹೋಗಿದ್ದಾರೆ. ಈ ಸಲ ನಾನು ಜಾರ್ಜ್ ಬಿಡೆಲ್ ಐರಿ ಅವರನ್ನು ಆರಿಸಿಕೊಂಡಿದ್ದೇನೆ. ಐರಿ ಅಂದ್ರ ಯಾರು ಅಂತ ಕೇಳ್ತೀರಿ. ಇಂಗ್ಲೆಂಡಿನಲ್ಲಿ ಅವರು ಬಹಳ ದೊಡ್ಡ ಹೆಸರು, ನಮ್ಮ ಕಡೆ ಅಷ್ಟು ಗೊತ್ತಿಲ್ಲ. ಆದರೆ ನಮ್ಮ ಶಾಲೆಯಲ್ಲಿ ಕನ್ನಡಕ ಹಾಕುವವರ ಚೀಟಿ ತೆಗೆದು ನೋಡಿರಿ. ಅದರಲ್ಲಿ ಸ್ಫೆರಿಕಲ್, ಸಿಲಿಂಡರ್, ಆಕ್ಸಿಸ್ ಅಂತ ಮೂರು ಮನೆ ಇರುತ್ತವೆ. ಆ ನಡುವಿನ ಮನೆಗೆ ಬೇಕಾದ ಗಾಜನ್ನು ತಮ್ಮ ಕಣ್ಣಿಗೆ ತಾವೇ ಲೆಕ್ಕ ಹಾಕಿ ಮಾಡಿಸಿಕೊಂಡವರು ಐರಿಯವರು. ಸಿಲಿಂಡರ್ ಅಂದ ಕೂಡಲೇ ಅಡಿಗೆ ಮನೆಯ ಗ್ಯಾಸ್ ಸಿಲಿಂಡರ್ ನೆನಪು ಮಾಡಿಕೊಳ್ಳಬೇಡಿರಿ, ಇದು ಬೇರೆ. ಮುಂದೆ ಹೇಳುತ್ತೇನೆ.

ಐರಿಯವರು ಹುಟ್ಟಿದ್ದು 1801ರ ಜುಲೈ 27ರಂದು, ಇಂಗ್ಲೆಂಡಿನ ಉತ್ತರಕ್ಕಿರುವ ಆನಿಕ್ ಎಂಬ ಊರಿನಲ್ಲಿ. ತಂದೆ ವಿಲಿಯಂ ಐರಿ ಸುಂಕದ ಇಲಾಖೆಯಲ್ಲಿ ನೌಕರರು. ವರ್ಗಾವಣೆ ಆದಂತೆಲ್ಲ ಮನೆಯವರೂ ಊರಿಂದೂರಿಗೆ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಹುಡುಗ ಶಾಲೆಯಲ್ಲಿ ಬಹಳ ಜಾಣ, ಆದರೆ ಗೆಳೆಯರ ಗುಂಪಿನಲ್ಲಿ ಅವನಿಗೆ ಮಾನ ಸಿಕ್ಕದ್ದು ಜಾಣತನಕ್ಕಲ್ಲ, ಬಟಾಣಿ ಊದುವ ಕೊಳವೆ ಮಾಡುವ ಕೈಚಳಕಕ್ಕೆ! ನೆನಪಿನ ಶಕ್ತಿಯೂ ಅಷ್ಟೇ ಜೋರು. ಒಂದು ಪರೀಕ್ಷೆಯಲ್ಲಿ ಲ್ಯಾಟಿನ್ ಕಾವ್ಯದ 2,394 ಸಾಲುಗಳನ್ನು ಬಾಯಿಪಾಠ ಒಪ್ಪಿಸಿದನಂತೆ. ನಮಗೆ ಒಂದು ಹಳಗನ್ನಡ ಪದ್ಯ ಒಪ್ಪಿಸುವಷ್ಟರಲ್ಲಿ ಸಾಕು ಸಾಕಾಗುತ್ತದೆ.

ಅಷ್ಟರಲ್ಲಿ ತಂದೆಯ ನೌಕರಿ ಹೋಯಿತು, ಮನೆಗೆ ಬಡತನ ಬಂತು. ಆಗ ಕೈ ಹಿಡಿದವರು ಸೋದರಮಾವ ಆರ್ಥರ್ ಬಿಡೆಲ್. ಅವರು ಇಪ್ಸ್ವಿಚ್ ಪಟ್ಟಣದ ಹತ್ತಿರ ಪ್ಲೇಫರ್ಡ್ ಎಂಬ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ರೈತರಾದರೂ ಮನೆ ತುಂಬ ಪುಸ್ತಕ. ಹುಡುಗ ಸೂಟಿ ಬಂದ ಕೂಡಲೇ ಮಾವನ ಮನೆಗೆ ಓಡುತ್ತಿದ್ದ. ರಸಾಯನಶಾಸ್ತ್ರ, ಬೆಳಕು, ಯಂತ್ರ, ಎಲ್ಲಾ ಪುಸ್ತಕವನ್ನೂ ಅಲ್ಲಿಯೇ ಓದಿದ್ದು. ಮಾವನ ನೆರೆಹೊರೆಯಲ್ಲಿ ಥಾಮಸ್ ಕ್ಲಾರ್ಕ್‌ಸನ್ ಇದ್ದರು, ಗುಲಾಮರ ವ್ಯಾಪಾರ ನಿಲ್ಲಿಸಲು ಹೋರಾಡಿದ ಮಹಾನುಭಾವರು. ಅವರೂ ಹುಡುಗನ ಬುದ್ಧಿ ನೋಡಿ ಕೇಂಬ್ರಿಜ್‌ಗೆ ಕಳಿಸಲು ನೆರವಾದರು. ನಮ್ಮ ಊರುಗಳಲ್ಲಿಯೂ ಎಷ್ಟೋ ಮಂದಿ ಮಾಮಾನ ಮನೆಯಲ್ಲಿ ಇದ್ದುಕೊಂಡೇ ಸಾಲಿ ಕಲಿತಿದ್ದಾರೆ, ಹಾಗಾಗಿ ಈ ಭಾಗ ಓದುವಾಗ ನನಗೆ ಪರದೇಶದ ಕಥೆ ಅನ್ನಿಸಲಿಲ್ಲ.

1819ರಲ್ಲಿ ಐರಿಯವರು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದರು. ಬಡ ವಿದ್ಯಾರ್ಥಿಗಳಿಗೆ ಇರುವ ರಿಯಾಯಿತಿ ಸೀಟಿನಲ್ಲಿ. 1823ರಲ್ಲಿ ಗಣಿತದಲ್ಲಿ ಇಡೀ ವಿಶ್ವವಿದ್ಯಾಲಯಕ್ಕೇ ಮೊದಲಿಗರಾದರು. 1826ರಲ್ಲಿ ಹಿಂದೊಮ್ಮೆ ನ್ಯೂಟನ್ ಕುಳಿತಿದ್ದ ಲೂಕೇಸಿಯನ್ ಪ್ರಾಧ್ಯಾಪಕ ಪೀಠಕ್ಕೇ ಇವರು ಬಂದರು. ಆಗ ವಯಸ್ಸು ಇಪ್ಪತ್ತೈದು. ಮಾನ ದೊಡ್ಡದು, ಸಂಬಳ ಮಾತ್ರ ವರ್ಷಕ್ಕೆ ನೂರು ಪೌಂಡಿಗೂ ಕಡಿಮೆ.

ಸಂಬಳದ ಮಾತು ಯಾಕೆ ಹೇಳಿದೆ ಅಂದ್ರ, ಅದರಿಂದ ಅವರ ಮದುವೆಯೇ ತಡವಾಯಿತು. 1824ರಲ್ಲಿ ಕಾಲ್ನಡಿಗೆಯಲ್ಲಿ ತಿರುಗಾಡುವಾಗ ರಿಚರ್ಡಾ ಸ್ಮಿತ್ ಎಂಬ ಕನ್ಯೆಯನ್ನು ಕಂಡರು. ಎರಡೇ ದಿನದಲ್ಲಿ ಮದುವೆಯ ಮಾತು ಆಡಿದರು. ಹುಡುಗಿಯ ತಂದೆ ಪಾದ್ರಿಗಳು. ಗಳಿಕೆ ಇಲ್ಲದವನಿಗೆ ಮಗಳನ್ನು ಹೇಗೆ ಕೊಡುವುದು ಅಂತ ಒಪ್ಪಲಿಲ್ಲ. ಆರು ವರ್ಷ ಕಾಯ್ದು 1830ರಲ್ಲಿ ಮದುವೆಯಾದರು.

ಈಗ ಕಣ್ಣಿನ ವಿಷಯಕ್ಕೆ ಬರುತ್ತೇನೆ. ಈ ಲೇಖನ ಬರೆದದ್ದೇ ಅದಕ್ಕಾಗಿ.

ಐರಿಯವರಿಗೆ ಎರಡೂ ಕಣ್ಣಿಗೆ ಸಮೀಪದೃಷ್ಟಿ ಇತ್ತು, ದೂರದ್ದು ಕಾಣುತ್ತಿರಲಿಲ್ಲ. ನಿಮ್ನ ಮಸೂರದ ಕನ್ನಡಕ ಹಾಕಿದರೆ ಬಲಗಣ್ಣು ಸರಿ ಹೋಗುತ್ತಿತ್ತು. ಎಡಗಣ್ಣು ಮಾತ್ರ ಯಾವ ಗಾಜಿಗೂ ಬಗ್ಗಲಿಲ್ಲ. ಆಗ ಅವರಿಗೆ ಒಂದು ಸಂಗತಿ ಗೊತ್ತಾಯಿತು: ಓದುವಾಗ ತಾನು ಎಡಗಣ್ಣನ್ನು ಬಳಸುತ್ತಲೇ ಇಲ್ಲ! ಕಣ್ಣು ತೆರೆದೇ ಇದೆ, ಕೆಲಸ ಮಾತ್ರ ಎಲ್ಲಾ ಬಲಗಣ್ಣಿನದು. ಇಪ್ಪತ್ತು ದಾಟಿ, ಇಡೀ ಕೇಂಬ್ರಿಜ್‌ಗೆ ಮೊದಲಿಗರಾದ ಮನುಷ್ಯನಿಗೆ ಇಷ್ಟು ದಿನ ಇದು ಗೊತ್ತಿರಲಿಲ್ಲ ಅಂದ್ರ ನಮ್ಮ ನಿಮ್ಮಂಥವರ ಪಾಡೇನು, ವಿಚಾರ ಮಾಡಿರಿ.

ಬೇರೆ ಯಾರಾದರೂ ಆಗಿದ್ದರೆ ಹಣೆಬರಹ ಅಂತ ಬಿಟ್ಟುಬಿಡುತ್ತಿದ್ದರು. ಐರಿಯವರು ಕಣ್ಣನ್ನು ಅಳೆಯಲು ಕುಳಿತರು. ಒಂದು ಕರಿ ಮಾಡಿದ ಕಾರ್ಡಿಗೆ ಸೂಜಿಯಿಂದ ಸಣ್ಣ ತೂತು ಹಾಕಿ, ಅದರ ಹಿಂದೆ ಬೆಳಕು ಬರುವಂತೆ ಮಾಡಿದರು. ಕಾರ್ಡನ್ನು ಅಳತೆ ಪಟ್ಟಿಯ ಮೇಲೆ ಹಿಂದೆ ಮುಂದೆ ಸರಿಸುತ್ತ ಎಡಗಣ್ಣಿನಿಂದ ನೋಡಿದರು. ಒಳ್ಳೆಯ ಕಣ್ಣಾಗಿದ್ದರೆ ಯಾವುದೋ ಒಂದು ದೂರದಲ್ಲಿ ಆ ತೂತು ಚುಕ್ಕಿಯಾಗಿಯೇ ಕಾಣಬೇಕು. ಇವರಿಗೆ ಎಲ್ಲಿಟ್ಟರೂ ಚುಕ್ಕಿ ಕಾಣಲಿಲ್ಲ. ಮೂರೂವರೆ ಇಂಚಿನಲ್ಲಿ ಇಟ್ಟರೆ ಚುಕ್ಕಿ ಎಳೆದು ಓರೆ ಗೆರೆಯಾಯಿತು. ಆರು ಇಂಚಿಗೆ ಸರಿಸಿದರೆ ಮತ್ತೊಂದು ಗೆರೆಯಾಯಿತು, ಆದರೆ ಈ ಗೆರೆ ಮೊದಲಿನದಕ್ಕೆ ಸರಿಯಾಗಿ ಕಾಟಕೋನ, ಅಂದರೆ ಲಂಬಕೋನದಲ್ಲಿತ್ತು. ಇದರ ಅರ್ಥ ಏನು? ಒಂದೇ ಕಣ್ಣು ಒಂದು ದಿಕ್ಕಿನಲ್ಲಿ ಹೆಚ್ಚು ಬಾಗಿದೆ, ಅದಕ್ಕೆ ಅಡ್ಡ ದಿಕ್ಕಿನಲ್ಲಿ ಕಡಿಮೆ ಬಾಗಿದೆ. ಕಣ್ಣಿನ ಮುಂಭಾಗ ಚೆಂಡಿನ ಹಾಗೆ ದುಂಡಗಿರಬೇಕಾದದ್ದು ಕೋಳಿ ತತ್ತಿಯ ಪಕ್ಕದಂತೆ ಆಗಿರುತ್ತದೆ ಅನ್ನಬಹುದು.

ಹೀಗಿದ್ದ ಮೇಲೆ ಎಲ್ಲಾ ಕಡೆ ಒಂದೇ ಸಮ ಬಾಗಿದ ಗಾಜು ಹಾಕಿದರೆ ಏನು ಉಪಯೋಗ? ಒಂದು ದಿಕ್ಕು ಸರಿ ಹೋದರೆ ಇನ್ನೊಂದು ಕೆಡುತ್ತದೆ. ಒಂದು ದಿಕ್ಕಿಗೆ ಮಾತ್ರ ಕೆಲಸ ಮಾಡುವ ಗಾಜು ಬೇಕು. ಅದೇ ಸಿಲಿಂಡರ್ ಗಾಜು. ನಮ್ಮ ಮನೆಯ ನಾಡಹೆಂಚನ್ನು ಕೈಯಲ್ಲಿ ಹಿಡಿದು ನೋಡಿರಿ. ಅಡ್ಡಕ್ಕೆ ಬಾಗಿದೆ, ಉದ್ದಕ್ಕೆ ನೆಟ್ಟಗಿದೆ. ಗಾಜನ್ನು ಹಾಗೆ ತಿಕ್ಕಿದರೆ ಅದು ಅಡ್ಡಕ್ಕೆ ಮಾತ್ರ ಬೆಳಕನ್ನು ಬಗ್ಗಿಸುತ್ತದೆ. ಉದ್ದಕ್ಕೆ, ಅಂದರೆ ಅದರ ಅಕ್ಷದ ಗುಂಟ, ಸಾದಾ ಕಿಟಕಿ ಗಾಜು ಇದ್ದಂತೆ.

ಐರಿಯವರು ಲೆಕ್ಕ ಹಾಕಿ, ಒಂದು ಮಗ್ಗುಲು ಮೂರೂವರೆ ಇಂಚು ತ್ರಿಜ್ಯದ ಗೋಳದ ತಗ್ಗು, ಇನ್ನೊಂದು ಮಗ್ಗುಲು ನಾಲ್ಕೂವರೆ ಇಂಚು ತ್ರಿಜ್ಯದ ಸಿಲಿಂಡರಿನ ತಗ್ಗು ಇರಬೇಕು ಅಂತ ನಿರ್ಧರಿಸಿದರು. ಅಂಥ ಗಾಜು ತಿಕ್ಕಿ ಕೊಡಿರಿ ಅಂತ ಕುಶಲಕರ್ಮಿಗಳಲ್ಲಿ ಕೇಳಿದರು, ಕೆಲವರಿಂದ ಆಗಲಿಲ್ಲ. ಕೊನೆಗೆ ಇಪ್ಸ್ವಿಚ್‌ನ ಫುಲರ್ ಎಂಬ ಕುಶಲಕರ್ಮಿ ಮಾಡಿಕೊಟ್ಟರು. ಮಾವನ ಊರಿನ ಪಕ್ಕದ ಪಟ್ಟಣದವರೇ! ಅದನ್ನು ಹಾಕಿಕೊಂಡಾಗ ಎಡಗಣ್ಣು ಅಕ್ಷರ ಓದಿತು. 1825ರ ಫೆಬ್ರುವರಿಯಲ್ಲಿ ಈ ಸಂಗತಿಯನ್ನು ಕೇಂಬ್ರಿಜ್‌ನ ತತ್ತ್ವಶಾಸ್ತ್ರ ಸಂಘದಲ್ಲಿ ಓದಿದರು. 1827ರಲ್ಲಿ ಅದು ಅಚ್ಚಾಯಿತು.

ನ್ಯಾಯವಾಗಿ ಹೇಳಬೇಕೆಂದರೆ ಈ ದೋಷವನ್ನು ಮೊದಲು ವಿವರಿಸಿದವರು ಥಾಮಸ್ ಯಂಗ್. ಐರಿ ಹುಟ್ಟಿದ ವರ್ಷ, 1801ರಲ್ಲಿಯೇ, ಅವರು ತಮ್ಮ ಕಣ್ಣಿನಲ್ಲಿ ಅದನ್ನು ಅಳೆದಿದ್ದರು. ಅವರಿಗೆ ತೊಂದರೆ ಕಡಿಮೆ ಇತ್ತು, ಅದಕ್ಕೆ ಸಿಲಿಂಡರ್ ಗಾಜಿನ ತನಕ ಹೋಗಲಿಲ್ಲ. ಅಸ್ಟಿಗ್ಮ್ಯಾಟಿಸಂ ಎಂಬ ಹೆಸರು ಇಟ್ಟವರು ಐರಿಯವರ ಟ್ರಿನಿಟಿ ಗೆಳೆಯ ವಿಲಿಯಂ ಹ್ಯೂವೆಲ್. ಗ್ರೀಕ್ ಭಾಷೆಯಲ್ಲಿ ಚುಕ್ಕಿ ಇಲ್ಲದ್ದು ಅಂತ ಅರ್ಥ. ಕನ್ನಡದಲ್ಲಿ ಅಬಿಂದುಕತೆ ಅನ್ನುತ್ತಾರೆ. ಚುಕ್ಕಿ ಚುಕ್ಕಿಯಾಗಿ ಕಾಣದ ರೋಗಕ್ಕೆ ಸರಿಯಾದ ಹೆಸರೇ.

ಇಲ್ಲಿ ನನ್ನದೊಂದು ಅನುಭವ ಹೇಳಿಬಿಡುತ್ತೇನೆ. ನನಗೂ ಸಿಲಿಂಡರ್ ಇದೆ. ಹಾವೇರಿಯಲ್ಲಿ ಒಂದು ಕಣ್ಣಿನ ತಪಾಸಣೆ ಶಿಬಿರದಲ್ಲಿ ತೋರಿಸಿದಾಗ ಬಲಗಣ್ಣಿಗೆ ಹೀಗೆ ಬರೆದುಕೊಟ್ಟರು: ಸ್ಫೆರಿಕಲ್ −1.00, ಸಿಲಿಂಡರ್ −0.75, ಆಕ್ಸಿಸ್ 180. ಮರುವಾರ ರಾಣೆಬೆನ್ನೂರಿಗೆ ಅಜ್ಜಿಯ ಪೊರೆ ತೋರಿಸಲು ಹೋದಾಗ ಅಪ್ಪ ನನ್ನ ಕಣ್ಣನ್ನೂ ಇನ್ನೊಮ್ಮೆ ತೋರಿಸಿದರು. ಅಲ್ಲಿನ ಚೀಟಿಯಲ್ಲಿ ಸ್ಫೆರಿಕಲ್ −1.75, ಸಿಲಿಂಡರ್ +0.75, ಆಕ್ಸಿಸ್ 90 ಅಂತ ಇತ್ತು. ಅಪ್ಪ ಗಾಬರಿ ಆದರು. ಒಂದು ವಾರದಾಗ ಒಂದು ಇದ್ದ ನಂಬರ್ ಒಂದೂಮುಕ್ಕಾಲು ಹೆಂಗಾತು? ಮೈನಸ್ ಇದ್ದದ್ದು ಪ್ಲಸ್ ಹೆಂಗಾತು? ಎರಡರಾಗ ಒಂದು ಸುಳ್ಳು ಇರಬೇಕು ಅಂದರು. ಅವ್ವ ಎಲ್ಲಾ ಮೊಬೈಲ್ ಪ್ರಭಾವ ಅಂದರು. ಕನ್ನಡಕ ಬ್ಯಾಡಗಿಯಲ್ಲಿ ಮಾಡಿಸುವುದಿತ್ತು, ಯಾಕಂದ್ರ ಮೆಣಸಿನಕಾಯಿ ಮಾರಿದ ರೊಕ್ಕ ಅಲ್ಲೇ ಬರಬೇಕಾಗಿತ್ತು. ಅಂಗಡಿಯವರು ಎರಡೂ ಚೀಟಿ ನೋಡಿ ನಕ್ಕು, ಹಾವೇರಿ ಚೀಟಿಯ ಬೆನ್ನಿಗೆ ಪೆನ್ನಿನಿಂದ ಎರಡು ಗೆರೆ ಅಡ್ಡಡ್ಡ ಎಳೆದು, ಎರಡೂ ಒಂದೇ ಗಾಜು ಅಂತ ತೋರಿಸಿಕೊಟ್ಟರು. ಆ ಲೆಕ್ಕ ನಮ್ಮ ಏಳನೇ ಇಯತ್ತೆಯ ಧನ ಋಣ ಸಂಖ್ಯೆಗಳ ಲೆಕ್ಕಕ್ಕಿಂತ ಕಠಿಣವೇನಲ್ಲ.

ಅದನ್ನು ಐರಿಯವರ ಎಡಗಣ್ಣಿನ ಮೇಲೆಯೇ ಮಾಡಿ ತೋರಿಸುತ್ತೇನೆ. ಕನ್ನಡಕದ ನಂಬರಿಗೆ ಡಯಾಪ್ಟರ್ ಅನ್ನುತ್ತಾರೆ. 1872ರಲ್ಲಿ ಮೊನೊಯೆ ಎಂಬ ಫ್ರೆಂಚ್ ವೈದ್ಯರು ಸೂಚಿಸಿದ ಅಳತೆ, ಅಂದರೆ ಐರಿಯವರ ಗಾಜು ಆದಾಗ ಅದು ಇರಲೇ ಇಲ್ಲ. ನೂರನ್ನು ಸೆಂಟಿಮೀಟರ್ ದೂರದಿಂದ ಭಾಗಿಸಿದರೆ ಡಯಾಪ್ಟರ್ ಬರುತ್ತದೆ. ಮೂರೂವರೆ ಇಂಚು ಅಂದರೆ 8.89 ಸೆಂ. ಮೀ. 100 ÷ 8.89 = ಸುಮಾರು 11.25. ಆರು ಇಂಚು ಅಂದರೆ 15.24 ಸೆಂ. ಮೀ. 100 ÷ 15.24 = ಸುಮಾರು 6.56. ಅಂಗಡಿಯಲ್ಲಿ ಗಾಜು ಕಾಲು ಕಾಲು ನಂಬರಿನಂತೆ ಸಿಗುತ್ತವೆ, ಅದಕ್ಕೆ 6.50 ಅನ್ನೋಣ. ಅಂದರೆ ಅವರ ಎಡಗಣ್ಣಿಗೆ ಒಂದು ದಿಕ್ಕಿನಲ್ಲಿ −6.50, ಅದರ ಅಡ್ಡ ದಿಕ್ಕಿನಲ್ಲಿ −11.25 ಬೇಕು. ಇದು ಕಣ್ಣಿನ ಸತ್ಯ. ಇದು ಯಾರು ಬರೆದರೂ ಬದಲಾಗುವುದಿಲ್ಲ.

ಬದಲಾಗುವುದು ಬರೆಯುವ ರೀತಿ. ಒಬ್ಬರು −6.50 ಅನ್ನು ಬುಡ ಮಾಡಿಕೊಂಡು, ಇನ್ನೊಂದು ದಿಕ್ಕಿಗೆ ಮತ್ತೆ −4.75 ಸೇರಿಸಿರಿ ಅನ್ನುತ್ತಾರೆ. ಇದು ಮೈನಸ್ ಸಿಲಿಂಡರ್ ಪದ್ಧತಿ. ಇನ್ನೊಬ್ಬರು −11.25 ಅನ್ನು ಬುಡ ಮಾಡಿಕೊಂಡು, ಆ ಇನ್ನೊಂದು ದಿಕ್ಕಿಗೆ +4.75 ವಾಪಸ್ ಕೊಡಿರಿ ಅನ್ನುತ್ತಾರೆ. ಇದು ಪ್ಲಸ್ ಸಿಲಿಂಡರ್ ಪದ್ಧತಿ. ಐರಿಯವರ ಗಾಜಿನ ಎರಡೂ ಮಗ್ಗುಲು ತಗ್ಗು ಇದ್ದದ್ದರಿಂದ ಅದು ಮೈನಸ್ ಪದ್ಧತಿಯ ಗಾಜು ಅನ್ನಬೇಕು.

ನಮ್ಮ ಕಡೆ ಒಡ್ಡಿನ ಹೊಲ ನೋಡಿರುವಿರಲ್ಲ? ಮೇಲಿನ ಹೊಲದಲ್ಲಿ ನಿಂತವನು ಪಕ್ಕದ ಹೊಲ ಒಂದು ಮೊಳ ಕೆಳಗಿದೆ ಅನ್ನುತ್ತಾನೆ. ಕೆಳಗಿನ ಹೊಲದಲ್ಲಿ ನಿಂತವನು ಪಕ್ಕದ ಹೊಲ ಒಂದು ಮೊಳ ಮೇಲಿದೆ ಅನ್ನುತ್ತಾನೆ. ಇಬ್ಬರೂ ಖರೇ ಹೇಳುತ್ತಾರೆ. ಆದರೆ ಒಬ್ಬನಿಗೆ ಪಕ್ಕದ ಹೊಲ ಪೂರ್ವಕ್ಕಿದ್ದರೆ ಇನ್ನೊಬ್ಬನಿಗೆ ಅದು ಪಶ್ಚಿಮಕ್ಕಿರುತ್ತದೆ. ನಿಲ್ಲುವ ಜಾಗ, ಮೇಲೆ ಕೆಳಗೆ ಅನ್ನುವ ಮಾತು, ಮುಖ ಮಾಡುವ ದಿಕ್ಕು, ಮೂರೂ ಒಟ್ಟಿಗೆ ಬದಲಾಗುತ್ತವೆ. ಕನ್ನಡಕದ ಚೀಟಿಯಲ್ಲಿಯೂ ಮೂರೂ ಮನೆ ಒಟ್ಟಿಗೇ ಬದಲಾಗಬೇಕು.

ಸ್ಫೆರಿಕಲ್‌ಗೆ ಸಿಲಿಂಡರನ್ನು ಚಿಹ್ನೆ ಸಮೇತ ಕೂಡಿಸಬೇಕು, ಅದು ಹೊಸ ಸ್ಫೆರಿಕಲ್. ಸಿಲಿಂಡರಿನ ಅಂಕಿ ಅದೇ ಇಟ್ಟು ಚಿಹ್ನೆ ಮಾತ್ರ ತಿರುವಬೇಕು. ಆಕ್ಸಿಸ್ 90 ಅಥವಾ ಕಡಿಮೆ ಇದ್ದರೆ 90 ಕೂಡಿಸಬೇಕು, 90ಕ್ಕಿಂತ ಹೆಚ್ಚಿದ್ದರೆ 90 ಕಳೆಯಬೇಕು. ಆಕ್ಸಿಸ್ 180 ದಾಟುವುದೇ ಇಲ್ಲ. ನನ್ನ ಚೀಟಿಗೆ ಹಚ್ಚಿ ನೋಡಿರಿ: −1.00ಕ್ಕೆ −0.75 ಕೂಡಿಸಿದರೆ −1.75. ಸಿಲಿಂಡರ್ +0.75 ಆಯಿತು. 180ರಲ್ಲಿ 90 ಕಳೆದರೆ 90. ರಾಣೆಬೆನ್ನೂರಿನ ಚೀಟಿ ಬಂತೋ ಇಲ್ಲವೋ? ಅಪ್ಪನಿಗೂ ಇದನ್ನೇ ತೋರಿಸಿದೆ. ಅವರು ಮೆಣಸಿನಕಾಯಿ ಪಟ್ಟಿಯ ಲೆಕ್ಕದವರು, ಒಂದೇ ಸಲಕ್ಕೆ ತಿಳಿದುಕೊಂಡರು.

ಅಂಗಡಿಯವರು ಒಂದು ಮಾತು ಒತ್ತಿ ಹೇಳಿದ್ದರು. ಚೀಟಿ ನಕಲು ಮಾಡುವಾಗ ಚಿಹ್ನೆ ಒಂದನ್ನೇ ಬದಲಿಸಿದರೆ, ಇಲ್ಲವೇ ಆಕ್ಸಿಸ್ ತಿರುಗಿಸಲು ಮರೆತರೆ, ಅದು ಬೇರೆಯೇ ಗಾಜಾಗುತ್ತದೆ. ಹಾಕಿಕೊಂಡವರಿಗೆ ತಲೆನೋವು, ನೆಲ ಓರೆ ಕಂಡಂತೆ ಆಗುವುದು ಎಲ್ಲಾ ಶುರುವಾಗುತ್ತದೆ. ಅದಕ್ಕೆ ಹಳೆಯ ಚೀಟಿ ಚೆಲ್ಲಬಾರದು, ಹೊಸ ಚೀಟಿಯ ಜೊತೆ ಇಟ್ಟು ಹೋಲಿಸಬೇಕು.

ಇದು ಬರೇ ಲೆಕ್ಕದ ಮೋಜಲ್ಲ. ಬೋರ್ಡ್ ಮೇಲಿನ 3 ಮತ್ತು 8, ಇಂಗ್ಲಿಷಿನ ಎಚ್ ಮತ್ತು ಎನ್ ಬೇರೆ ಬೇರೆ ಕಾಣದ ಹುಡುಗನಿಗೆ ದಡ್ಡ ಅಂತ ಹೆಸರು ಬರುತ್ತದೆ. ಅವನಿಗೆ ತನ್ನ ಕಣ್ಣಿನ ದೋಷ ಗೊತ್ತೇ ಇರುವುದಿಲ್ಲ, ಯಾಕಂದ್ರ ಅವನು ಹುಟ್ಟಿದಾಗಿನಿಂದ ಹಾಗೇ ನೋಡಿದ್ದಾನೆ. ಅದರಲ್ಲಿಯೂ ಒಂದು ಕಣ್ಣು ಸರಿ ಇದ್ದು ಇನ್ನೊಂದು ಕೆಟ್ಟಿದ್ದರೆ ಮನೆಯವರಿಗೂ ಗೊತ್ತಾಗುವುದಿಲ್ಲ. ಚಿಕ್ಕಂದಿನಲ್ಲಿ, ಏಳೆಂಟು ವರ್ಷದೊಳಗೆ, ಸರಿಯಾದ ಗಾಜು ಸಿಗದಿದ್ದರೆ ಮೆದುಳು ಆ ಕಣ್ಣಿನ ಚಿತ್ರವನ್ನು ಬಿಟ್ಟೇ ಬಿಡುತ್ತದೆ. ಆಮೇಲೆ ಕನ್ನಡಕ ಹಾಕಿದರೂ ಪೂರ್ತಿ ನೋಟ ಬರುವುದು ಕಷ್ಟ. ಐರಿಯವರ ಎಡಗಣ್ಣು ಅಷ್ಟು ತಡವಾಗಿಯೂ ಓದಿತಲ್ಲ, ಅದು ಅವರ ಅದೃಷ್ಟ ಅಂತ ನನ್ನ ಅಭಿಪ್ರಾಯ. ಈ ಲೇಖನದ ಪಕ್ಕದಲ್ಲಿ ಚಕ್ಕಡಿ ಗಾಲಿಯ ಚಿತ್ರ ತೆಗೆದಿದ್ದೇನೆ, ಎಲ್ಲಾ ಅರಗಳೂ ಒಂದೇ ದಪ್ಪ. ಹತ್ತು ಹೆಜ್ಜೆ ಹಿಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿರಿ. ಕೆಲವು ಅರಗಳು ಕಪ್ಪಗೆ, ಕೆಲವು ಮಸುಕು ಕಂಡರೆ ಗುರುಗಳಿಗೆ ಹೇಳಿರಿ. ಗುರುಗಳಲ್ಲಿಯೂ ವಿನಂತಿ, ಒಂದನೇ ಎರಡನೇ ಇಯತ್ತೆಯ ಚಿಕ್ಕವರನ್ನು ಕರೆತಂದು ನಿಲ್ಲಿಸಿ ನೋಡಬೇಕು.

ಐರಿಯವರ ಮುಂದಿನ ಜೀವನ ಬಹಳ ದೊಡ್ಡದು, ಜಾಗ ಕಡಿಮೆ ಇರುವುದರಿಂದ ಬೇಗ ಹೇಳುತ್ತೇನೆ. 1835ರಲ್ಲಿ ಅವರು ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥರಾದರು, ರಾಜ ಖಗೋಳಜ್ಞ ಎಂಬ ಪದವಿ. 1881ರವರೆಗೆ, ನಲವತ್ತಾರು ವರ್ಷ, ಅದೇ ಕುರ್ಚಿ. ಅಲ್ಲಿ ಅವರು ಕೂಡ್ರಿಸಿದ ದೊಡ್ಡ ದೂರದರ್ಶಕ ಯಂತ್ರ 1851ರ ಜನವರಿ 4ರಂದು ಕೆಲಸ ಶುರು ಮಾಡಿತು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸಭೆ ಸೇರಿದ ದೇಶಗಳು ಆ ಯಂತ್ರದ ನಡುವೆ ಹಾಯುವ ಗೆರೆಯನ್ನೇ ಸೊನ್ನೆ ರೇಖಾಂಶ ಅಂತ ಒಪ್ಪಿದವು. ನಮ್ಮ ಭೂಗೋಳ ಪುಸ್ತಕದ ಸೊನ್ನೆ ಡಿಗ್ರಿ ಅದೇ. ಈಗ ಉಪಗ್ರಹಗಳಿಂದ ಅಳೆಯುವ ಗೆರೆ ಅಲ್ಲಿಂದ ಸುಮಾರು ನೂರು ಮೀಟರ್ ಪೂರ್ವಕ್ಕಿದೆ. ನಮ್ಮ ಗಡಿಯಾರ ಆ ಗ್ರೀನಿಚ್ ವೇಳೆಗಿಂತ ಐದೂವರೆ ತಾಸು ಮುಂದೆ. ನಮ್ಮ ಶಾಲೆಯಲ್ಲಿ ಹತ್ತು ಗಂಟೆಯ ಬೆಲ್ ಹೊಡೆದಾಗ ಅಲ್ಲಿ ಇನ್ನೂ ನಸುಕಿನ ನಾಲ್ಕೂವರೆ.

ಭಾರತಕ್ಕೂ ಅವರಿಗೂ ಒಂದು ನಂಟಿದೆ. ನಮ್ಮ ದೇಶದ ಮಹಾ ತ್ರಿಕೋನಮಿತಿ ಸರ್ವೇಯಲ್ಲಿ ಉತ್ತರದ ಎರಡು ಊರುಗಳ ನಡುವಿನ ಅಂತರ ಎರಡು ವಿಧಾನದಲ್ಲಿ ಎರಡು ಬಗೆ ಬಂತು, ಸುಮಾರು ಐದು ಸೆಕೆಂಡಿನಷ್ಟು ಕೋನದ ವ್ಯತ್ಯಾಸ. ಹಿಮಾಲಯ ತೂಗುಗುಂಡನ್ನು ತನ್ನ ಕಡೆ ಎಳೆಯುತ್ತದೆ ಅಂತ ಕಲ್ಕತ್ತೆಯ ಪ್ರಾಟ್ ಎಂಬುವರು ಲೆಕ್ಕ ಹಾಕಿದರು. ಆದರೆ ಅವರ ಲೆಕ್ಕದ ಪ್ರಕಾರ ಎಳೆತ ಇನ್ನೂ ಹೆಚ್ಚು ಇರಬೇಕಿತ್ತು. 1855ರಲ್ಲಿ ಐರಿಯವರು ಅದಕ್ಕೆ ಕಾರಣ ಹೇಳಿದರು: ಬೆಟ್ಟಗಳಿಗೆ ಕೆಳಗೆ ಹಗುರಾದ ಕಲ್ಲಿನ ಬೇರು ಇದೆ, ನೀರಿನಲ್ಲಿ ತೇಲುವ ದಿಮ್ಮಿಯ ಹಾಗೆ. ಮೇಲೆ ಎತ್ತರ ಇದ್ದಷ್ಟು ಕೆಳಗೆ ಆಳ. ಈ ಮಾತು ಇಂದಿಗೂ ಪಾಠದಲ್ಲಿದೆ.

ಎಲ್ಲದರಲ್ಲಿಯೂ ಅವರದೇ ಸರಿ ಆಗಲಿಲ್ಲ. 1854ರಲ್ಲಿ ಕಲ್ಲಿದ್ದಲ ಗಣಿಯ ತಳದಲ್ಲಿ ಲೋಲಕ ತೂಗಿಸಿ ಭೂಮಿಯ ಸಾಂದ್ರತೆ ನೀರಿನ ಆರೂವರೆ ಪಟ್ಟು ಅಂದರು, ಖರೇ ಅಂದರೆ ಐದೂವರೆ. 1845ರಲ್ಲಿ ಆಡಮ್ಸ್ ಎಂಬ ತರುಣ ಹೊಸ ಗ್ರಹ ಎಲ್ಲಿರಬೇಕು ಎಂಬ ಲೆಕ್ಕವನ್ನು ಇವರ ಮನೆಗೆ ಕೊಟ್ಟು ಹೋದ. ಇವರು ಒಂದು ಪ್ರಶ್ನೆ ಕೇಳಿ ಪತ್ರ ಬರೆದರು, ಅವನು ಉತ್ತರಿಸಲಿಲ್ಲ, ಕೆಲಸ ಅಲ್ಲಿಗೇ ನಿಂತಿತು. 1846ರ ಸೆಪ್ಟೆಂಬರ್ 23ರಂದು ಫ್ರಾನ್ಸಿನ ಲೆ ವೆರಿಯೆ ಅವರ ಲೆಕ್ಕದಂತೆ ಬರ್ಲಿನ್‌ನಲ್ಲಿ ನೆಪ್ಚೂನ್ ಸಿಕ್ಕಿತು. ಇಂಗ್ಲೆಂಡಿನವರು ಐರಿಯವರನ್ನು ಬಹಳ ಬೈದರು. ಪತ್ರಕ್ಕೆ ಉತ್ತರ ಬರೆಯದ ಆಡಮ್ಸ್‌ನದೂ ಪಾಲಿದೆ ಅಂತ ನನಗನ್ನಿಸುತ್ತದೆ.

ಅವರದು ಕಟ್ಟುನಿಟ್ಟಿನ ಸ್ವಭಾವ. ಒಂದು ರಸೀದಿಯನ್ನೂ ಚೆಲ್ಲುತ್ತಿರಲಿಲ್ಲ, ಎಲ್ಲವನ್ನೂ ಜೋಡಿಸಿ ಇಡುತ್ತಿದ್ದರು. ತಮ್ಮ ಎಡಗಣ್ಣನ್ನೂ ಹಾಗೇ ಬಿಡಲಿಲ್ಲ. ಇಪ್ಪತ್ತು ವರ್ಷ ಆದ ಮೇಲೆ ಮತ್ತೆ ಅದೇ ರೀತಿ ಅಳೆದು, ಏನು ಬದಲಾಗಿದೆ ಅಂತ ಬರೆದಿಟ್ಟರು. 1872ರಲ್ಲಿ ಅವರಿಗೆ ಸರ್ ಪದವಿ ಬಂತು. 1875ರಲ್ಲಿ ಪತ್ನಿ ತೀರಿಕೊಂಡರು. ಒಂಬತ್ತು ಮಕ್ಕಳಲ್ಲಿ ಮೂವರು ಚಿಕ್ಕಂದಿನಲ್ಲಿಯೇ ಹೋಗಿದ್ದರು. 1892ರ ಜನವರಿ 2ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಐರಿಯವರು ನಿಧನರಾದರು. ಅವರನ್ನು ಮಣ್ಣು ಮಾಡಿದ್ದು ಸೋದರಮಾವನ ಹಳ್ಳಿ ಪ್ಲೇಫರ್ಡ್‌ನಲ್ಲಿ.

ಕೊನೆಗೆ ಒಂದು ಲೆಕ್ಕ. ಸ್ಫೆರಿಕಲ್ +1.00, ಸಿಲಿಂಡರ್ −2.50, ಆಕ್ಸಿಸ್ 30. ಇದನ್ನು ಪ್ಲಸ್ ಸಿಲಿಂಡರ್ ಪದ್ಧತಿಗೆ ತಿರುಗಿಸಿ, ಹೆಸರು ಮತ್ತು ಇಯತ್ತೆ ಸಮೇತ ಚೀಟಿಯಲ್ಲಿ ಬರೆದು ಕೊಡಿರಿ. ಉತ್ತರ ಮುಂದಿನ ಸಂಚಿಕೆಯಲ್ಲಿ.